ಕೆಪಾಸಿಟರಿನ ಅಡಿಯ ಕೆಂಪು ಚುಕ್ಕೆ

"ಕಾದಿದ್ಯಾ?" ಎಂದು ಇನ್ಸ್‌ಪೆಕ್ಟರ್ ಕೇಳಿದ.

ಮೆಕ್ಯಾನಿಕ್ ಬೆಸುಗೆ ಹಾಕುವ ಸಾಲ್ಡರಿಂಗ್ ಐರನ್ನಿನ ತುದಿಯನ್ನು ಒದ್ದೆ ಸ್ಪಂಜಿಗೆ ಮುಟ್ಟಿಸಿದ. ಚುರ್ ಎಂದಿತು.

"ಕಾದಿದೆ ಸಾರ್."

"ನಿಮ್ಮ ದವಡೆ ಊತ ಇನ್ನೂ ಇಳಿದೇ ಇಲ್ವಲ್ಲ. ನೋವಾ?"

"ಹಲ್ಲು ಕೀಳಿಸಿದ್ದು ಸಾರ್. ಬೇರು ಮುರಿದು..."

"ಇರ್ಲಿ ಇರ್ಲಿ. ಕೈಗೇನೂ ಆಗಿಲ್ವಲ್ಲ? ಮಾಡಿ ತೋರಿಸಿ."

ಕೋಲ್ಡ್ ಸ್ಟೋರೇಜಿನ ಧಣಿ ಮೀನಿನ ಪೆಟ್ಟಿಗೆಗಳ ನಡುವೆ ಮರಗಟ್ಟಿ ಸತ್ತಿದ್ದ. ಹೊರಗಿನಿಂದ ಚಿಲಕ ಹಾಕಿದವಳು ಈ ಮೆಕ್ಯಾನಿಕ್ಕನ ಹೆಂಡತಿ. ದಿನಾ ಸಂಜೆ ಬಾಗಿಲು ಹಾಕುವ ಕೆಲಸ ಅವಳದೇ. ಅವಳೀಗ ಇದೇ ಸ್ಟೇಷನ್ನಿನ ಹಿಂದಿನ ಕೋಣೆಯಲ್ಲಿ ಕಂಬಿ ಎಣಿಸುತ್ತಿದ್ದಳು.

ಇನ್ಸ್‌ಪೆಕ್ಟರನಿಗೆ ಊರಿನವರು ಇಟ್ಟ ಹೆಸರು ಸೂಜಿ. ಕೈ ಎತ್ತುವವನಲ್ಲ, ದನಿ ಏರಿಸುವವನಲ್ಲ. ಎದುರಿಗೆ ಕೂರಿಸಿ ಚಹಾ ಕೊಟ್ಟು, ಮಕ್ಕಳು ಮರಿ ವಿಚಾರಿಸಿ, ಬೆಣ್ಣೆಯಂತೆ ಮಾತಾಡುತ್ತಾನೆ. ಚುಚ್ಚಿದ್ದು ಗೊತ್ತಾಗುವುದು ರಕ್ತ ಕಂಡ ಮೇಲೆ. ಇಂದು ಅವನ ಮೇಜಿನ ಮೇಲೆ ಒಂದು ರಟ್ಟಿನ ಮುಚ್ಚಳವಿತ್ತು. ಅದರಲ್ಲಿ ಎಂಟು ಕಾಲಿನ ಟೈಮರ್ ಐಸಿ, ಪಟ್ಟೆಪಟ್ಟೆ ರೆಸಿಸ್ಟರುಗಳು, ಒಂದು ಪುಟ್ಟ ಕೆಪಾಸಿಟರ್, ಕೆಂಪು ಎಲ್‌ಇಡಿ, ಬ್ಯಾಟರಿ, ತೂತುತೂತಿನ ಬೋರ್ಡು. ಬಜಾರಿನಲ್ಲಿ ತಾನೇ ಹೋಗಿ ಕೊಂಡು ತಂದಿದ್ದನಂತೆ.

ಮೆಕ್ಯಾನಿಕ್ಕನಿಗೆ ಒಂದು ಕ್ಷಣ ಖುಷಿಯೇ ಆಯಿತು. ಬೆಳಗಿನಿಂದ ಪೊಲೀಸರೆದುರು ಬಾಲ ಮುದುರಿ ಕೂತವನ ಮುಂದೆ ಈಗ ಅವನ ಸ್ವಂತ ವಿದ್ಯೆ ಬಂದು ಕೂತಿತ್ತು. ಅಲ್ಲದೆ ಅವನು ಬಂದದ್ದೇ ಇದಕ್ಕೆ. ದೀಪ ಆರಿತ್ತು ಎಂದು ಹೆಂಡತಿ ಹೇಳುತ್ತಿದ್ದಳು, ಯಾರೂ ನಂಬುತ್ತಿರಲಿಲ್ಲ. ಅವಳ ಮಾತು ನಿಜವೆಂದು ತೋರಿಸಿ ಮನೆಗೆ ಕರೆದೊಯ್ಯಬೇಕು. ಅವಳು ಜೈಲಿಗೆ ಹೋದರೆ ತನ್ನ ಗತಿಯೇನು ಎಂಬುದನ್ನು ಅವನು ಯೋಚಿಸಿಯೂ ಇದ್ದ, ಯೋಚಿಸಿ ಅತ್ತೂ ಇದ್ದ. ಅಳುವಿನಲ್ಲಿ ಎಷ್ಟು ಪಾಲು ಅವಳಿಗೆ, ಎಷ್ಟು ಪಾಲು ತನಗೆ ಎಂದು ಅವನು ಲೆಕ್ಕ ಹಾಕಿರಲಿಲ್ಲ. ಗಂಡಸರು ಹಾಕುವುದಿಲ್ಲ.

"ಈ ದೀಪ ಯಾಕೆ ಬೇಕಾಯ್ತು ಅಂತ ಮೊದಲು ಹೇಳಿ," ಎಂದ ಸೂಜಿ.

"ಆ ಬಾಗಿಲಿಗೆ ಒಳಗಿನಿಂದ ತೆಗೆಯೋ ಹಿಡಿ ಇತ್ತು ಸಾರ್. ಮುರಿದು ಎಷ್ಟೋ ಕಾಲ ಆಯ್ತು. ಹೊಸದು ಹಾಕ್ಸಿ ಅಂದ್ರೆ ಧಣಿ ಕೇಳಲಿಲ್ಲ. ನೀನೇ ಏನಾದ್ರೂ ಮಾಡು, ಖರ್ಚಿಲ್ದೆ ಮಾಡು ಅಂದ್ರು. ಇದನ್ನ ಮಾಡಿದೆ. ಒಳಗೆ ಹೋಗೋರು ಒಳಗಿನ ಸ್ವಿಚ್ಚು ಹಾಕ್ಬೇಕು. ಹೊರಗೆ ಬಾಗಿಲ ಮೇಲೆ ಕೆಂಪು ದೀಪ ಮಿನುಗುತ್ತೆ. ಮಿನುಗ್ತಾ ಇದ್ರೆ ಒಳಗೆ ಜನ ಇದಾರೆ, ಚಿಲಕ ಮುಟ್ಟಬೇಡ. ಅಷ್ಟೇ."

ಎಂಜಲು ಕೈಯಲ್ಲಿ ಕಾಗೆ ಓಡಿಸದವನೆಂದು ಹೆಸರು ಪಡೆದ ಧಣಿ ಹಿಡಿಯ ಕಾಸು ಉಳಿಸಿದ್ದ. ಅವನ ಬೆರಳ ಉಗುರುಗಳು ಬಾಗಿಲ ತಗಡಿಗೆ ಅಂಟಿಕೊಂಡಿದ್ದವು. ಮಾಡಿದ್ದುಣ್ಣೋ ಮಾರಾಯ ಎಂದು ಹಮಾಲರು ಅವನ ಹೆಣದ ಮುಂದೆಯೇ ಪಿಸುಗುಟ್ಟಿದ್ದರು.

ಮೆಕ್ಯಾನಿಕ್ ಐಸಿಯನ್ನು ಬೋರ್ಡಿನ ತೂತುಗಳಿಗೆ ಇಳಿಸಿ, ಬೋರ್ಡು ತಿರುಗಿಸಿ, ಒಂದೊಂದೇ ಕಾಲಿಗೆ ಸೀಸ ಮುಟ್ಟಿಸಿದ. ರಾಳದ ಹೊಗೆ ಎದ್ದಿತು. ಎಂಟನೇ ಕಾಲು ಪ್ಲಸ್ಸಿಗೆ, ಒಂದನೇದು ಮೈನಸ್ಸಿಗೆ. ನಾಲ್ಕನೆಯದನ್ನು ಪ್ಲಸ್ಸಿಗೆ ಕಟ್ಟಿದ. ಅದನ್ನು ಸುಮ್ಮನೆ ಬಿಟ್ಟರೆ ಐಸಿ ತನ್ನಿಷ್ಟಕ್ಕೆ ಕುಣಿಯುತ್ತದೆ. ಎರಡನೆಯದಕ್ಕೂ ಆರನೆಯದಕ್ಕೂ ಒಂದು ತುಂಡು ತಂತಿ. ಕೈ ಓಡುತ್ತಿತ್ತು, ಬಾಯಿಯೂ ಓಡತೊಡಗಿತು.

"ತುಂಬ ಸುಲಭ ಸಾರ್. ಈ ಕೆಪಾಸಿಟರ್ ಒಂದು ಕೊಡ ಅಂದ್ಕೊಳ್ಳಿ. ಈ ರೆಸಿಸ್ಟರು ಸಣ್ಣ ನಲ್ಲಿ. ನಲ್ಲಿಯಿಂದ ಕೊಡ ನಿಧಾನ ತುಂಬ್ತಾ ಇರುತ್ತೆ. ಐಸಿ ಕಾವಲುಗಾರ. ಕೊಡ ಮುಕ್ಕಾಲಿಗೆ ಸ್ವಲ್ಪ ಕಮ್ಮಿ ತುಂಬಿದ ತಕ್ಷಣ ತಳದ ತೂತು ತೆಗೀತಾನೆ. ನೀರು ಇಳಿಯುತ್ತೆ. ಮೂರರಲ್ಲಿ ಒಂದು ಪಾಲು ಉಳಿದಾಗ ತೂತು ಮುಚ್ಚುತಾನೆ. ಮತ್ತೆ ತುಂಬುತ್ತೆ. ತುಂಬುವಾಗ ದೀಪ ಉರಿಯುತ್ತೆ, ಇಳಿಯುವಾಗ ಆರುತ್ತೆ. ಮುಗೀತು."

"ಕೊಡ ದೊಡ್ಡದಾದ್ರೆ?"

"ನಿಧಾನ ಆಗುತ್ತೆ."

"ಬಹಳ ದೊಡ್ಡದಾದ್ರೆ?"

"ಬಹಳ ನಿಧಾನ." ಮೆಕ್ಯಾನಿಕ್ ನಕ್ಕ. ದವಡೆ ಎಳೆದು ಕಣ್ಣಲ್ಲಿ ನೀರು ಬಂತು.

ಬ್ಯಾಟರಿ ಸಿಕ್ಕಿಸಿದ. ಕೆಂಪು ದೀಪ ಮೇಜಿನ ಮೇಲೆ ಮಿಣಕ್, ಮಿಣಕ್ ಎಂದು ಶುರುವಾಯಿತು. ಸೂಜಿ ಅದನ್ನೇ ನೋಡುತ್ತ ಕೂತ.

"ಚೆನ್ನಾಗಿದೆ. ನಿಮ್ಮ ಮನೆಯವರಿಗೆ ಇದೆಲ್ಲ ಗೊತ್ತಾ?"

"ಅವಳಿಗಾ? ಅಯ್ಯೋ ಬಿಡಿ ಸಾರ್. ಮದುವೆಯಾದ ಹೊಸದರಲ್ಲಿ ಮನೇಲೇ ರೇಡಿಯೋ ರಿಪೇರಿ ಅಂಗಡಿ ಇತ್ತು. ಕೈಕೆಲಸಕ್ಕೆ ಅಂತ ಕಲಿಸೋಕೆ ಹೋದೆ. ಮಹಾ ಹೆದರುಪುಕ್ಕಲಿ." ಅವನು ಕುರ್ಚಿಯಲ್ಲಿ ಮುಂದೆ ಸರಿದ. ಇದು ಅವನು ನೆಂಟರಿಷ್ಟರ ನಡುವೆ ಹೇಳಿ ಹೇಳಿ ನುಣುಪು ಮಾಡಿದ ಕಥೆ. "ಒಂದಿನ ತಮಾಷೆ ಮಾಡಿದೆ ಸಾರ್. ಕೆಪಾಸಿಟರಿನ ಪ್ಲಸ್ಸು ಮೈನಸ್ಸು ಬೇಕಂತ್ಲೇ ಉಲ್ಟಾ ಹಾಕಿಟ್ಟು, ಹತ್ತಿರ ಬಗ್ಗಿ ನೋಡೇ, ಏನೋ ತೊಂದ್ರೆ ಅಂದೆ. ಪಾಪ, ಬಗ್ಗಿದ್ಲು. ಕರೆಂಟು ಕೊಟ್ಟೆ. ಡಬ್ ಅಂತ ಸಿಡೀತು! ಕಲಿಯೋರಿಗೆ ಒಂದು ಸಲ ಬಿಸಿ ಮುಟ್ಟಬೇಕಲ್ವಾ?"

"ಮುಟ್ಟಿತಾ?"

"ಮುಟ್ಟದೆ! ರೆಪ್ಪೆ ಸುಟ್ಟು ಹೋಯ್ತು. ಆಮೇಲೆ ಕೆಪಾಸಿಟರು ಕೈಗೆ ಕೊಟ್ರೆ ನಡುಗೋಳು." ಅವನು ದವಡೆ ಹಿಡಿದುಕೊಂಡೇ ನಕ್ಕ.

ಸೂಜಿ ನಗಲಿಲ್ಲ. "ಎಡಗಣ್ಣು ಅಲ್ವಾ?"

"ಹೌದು ಸಾರ್."

"ನೋಡಿದೆ. ಅಲ್ಲಿ ಕೂದಲೇ ಬಂದಿಲ್ಲ."

ಅವನು ಮೇಜಿನ ಖಾನೆಯಿಂದ ಒಂದು ತಗಡಿನ ಡಬ್ಬಿ ತೆಗೆದ. ಕೋಲ್ಡ್ ಸ್ಟೋರೇಜಿನ ಬಾಗಿಲ ಪಕ್ಕದಿಂದ ಬಿಚ್ಚಿ ತಂದದ್ದು. ಮೇಲೆ ಮೆಕ್ಯಾನಿಕ್ಕನೇ ಕೂರಿಸಿದ ಕೆಂಪು ದೀಪ, ಹಿಂದೆ ಎರಡು ವೈರು.

"ನಿನ್ನೆ ಬೆಳಿಗ್ಗೆ ಬಾಗಿಲು ತೆಗೆದಾಗ ಇದು ಉರೀತಿತ್ತು. ನಮ್ಮ ಕಾನ್‌ಸ್ಟೇಬಲ್ ಸ್ವಿಚ್ಚು ಆರಿಸಿ ಹಾಕಿದ. ಹೊತ್ತಿಕೊಂಡಿತು. ದೀಪ ಸರಿಯಿದೆ, ಹೆಂಗಸು ಸುಳ್ಳು ಹೇಳ್ತಿದಾಳೆ ಅಂದ. ಈಗ ನೀವು ಕರೆಂಟು ಕೊಡಿ."

ಮೆಕ್ಯಾನಿಕ್ ವೈರುಗಳನ್ನು ಸಿಕ್ಕಿಸಿದ. ದೀಪ ಹೊತ್ತಿತು. ಹೊತ್ತಿಕೊಂಡೇ ಇತ್ತು.

"ಮಿನುಗ್ತಾ ಇಲ್ಲ," ಎಂದ ಅವನು.

"ಚಹಾ ಕುಡೀರಿ."

ಚಹಾ ಬಂತು. ಕುಡಿದರು. ಮೆಕ್ಯಾನಿಕ್ ಎಡದವಡೆಗೆ ಬಿಸಿ ತಾಗದಂತೆ ಬಾಯಿ ಓರೆ ಮಾಡಿ ಹೀರಿದ. ದೀಪ ಒಂದೇ ಸಮ ಉರಿಯುತ್ತಿತ್ತು. ಲೋಟ ಕೆಳಗಿಟ್ಟು ಎಷ್ಟೋ ಹೊತ್ತಾದ ಮೇಲೆ, ಕಣ್ಣೆದುರೇ, ಅದು ಆರಿಹೋಯಿತು.

ಆರಿದ್ದು ಆರಿಯೇ ಇತ್ತು. ಸೂಜಿ ಕೈ ಕಟ್ಟಿ ಕೂತಿದ್ದ. ಹೊರಗೆ ಯಾರೋ ಸೈಕಲ್ಲು ಕಳೆದುಕೊಂಡವನು ತನ್ನ ಗೋಳು ಪೂರ್ತಿ ಹೇಳಿ ಮುಗಿಸಿದ. ದೀಪ ಇನ್ನೂ ಸತ್ತೇ ಬಿದ್ದಿತ್ತು. ಕೊನೆಗೊಮ್ಮೆ ತಾನಾಗಿಯೇ ಮತ್ತೆ ಹೊತ್ತಿಕೊಂಡಿತು.

ಮೆಕ್ಯಾನಿಕ್ ಎದ್ದು ನಿಂತ. "ನೋಡಿದ್ರಾ ಸಾರ್! ಅವಳು ಹೇಳಿದ್ದು ನಿಜ! ದೀಪ ಆರಿತ್ತು. ಧಣಿ ಒಳಗಿದ್ರೂ ಆರಿತ್ತು. ಯಾರೋ ಒಳಗೆ ಕೈಯಾಡಿಸಿದಾರೆ!"

"ಬಿಚ್ಚಿ ನೋಡಿ."

ಬಿಚ್ಚಿದ. ಕಡಲೆಬೀಜದಷ್ಟು ಕೆಪಾಸಿಟರ್ ಇರಬೇಕಾದ ಜಾಗದಲ್ಲಿ ಹೆಬ್ಬೆರಳು ಗಾತ್ರದ್ದೊಂದು ಗಟ್ಟಿಯಾಗಿ ನಿಂತಿತ್ತು. ಹತ್ತು ಇರಬೇಕಾದಲ್ಲಿ ನಾಲ್ಕು ಸಾವಿರದ ಏಳುನೂರು ಎಂದು ಅದರ ಮೈಮೇಲೆ ಬರೆದಿತ್ತು.

"ಕೊಡದ ಜಾಗದಲ್ಲಿ ಕೆರೆ ಇಟ್ಟಿದಾರೆ ಸಾರ್! ಕೆರೆ ತುಂಬೋಕೆ, ಇಳಿಯೋಕೆ ಹೊತ್ತು ಹಿಡಿಯಲ್ವಾ? ಮೊದಲ ಸಲ ಪೂರ್ತಿ ಖಾಲಿಯಿಂದ ತುಂಬಬೇಕು, ಅದಕ್ಕೇ ಅಷ್ಟು ಹೊತ್ತು ಉರಿದಿದ್ದು. ನಿಮ್ಮ ಕಾನ್‌ಸ್ಟೇಬಲ್ ನೋಡಿದ್ದು ಅದನ್ನೇ. ಆಮೇಲೆ ಕತ್ತಲೆ. ಕತ್ತಲಾದ ಹೊತ್ತಲ್ಲಿ ಅವಳು ಚಿಲಕ ಹಾಕಿದಾಳೆ, ಪಾಪ!"

"ಪಾಪ," ಎಂದ ಸೂಜಿಯೂ. "ಅದನ್ನ ಕಿತ್ತು ಸಣ್ಣದು ಹಾಕಿ. ಮೊದಲಿನ ಹಾಗೆ ಮಿನುಗಲಿ."

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಎದ್ದು ಕಿಟಕಿಯ ಬಳಿ ಹೋಗಿ, ಬೆನ್ನು ತಿರುಗಿಸಿ, ಗ್ಯಾಸ್ ಸಿಲಿಂಡರಿನ ಬಗ್ಗೆ ಮನೆಯವಳ ಜೊತೆ ಮಾತಿಗಿಳಿದ.

ಮೆಕ್ಯಾನಿಕ್ ಬೋರ್ಡು ಮಗುಚಿ, ಎರಡು ಕಾಲುಗಳ ಸೀಸ ಕರಗಿಸಿ, ದಪ್ಪ ಕೆಪಾಸಿಟರನ್ನು ಮೆಲ್ಲಗೆ ಎಳೆದ. ಬಂತು. ಬೋರ್ಡನ್ನು ಮತ್ತೆ ಮಗುಚಿದ.

ಕೆಪಾಸಿಟರ್ ನಿಂತಿದ್ದ ಜಾಗದಲ್ಲಿ, ಪ್ಲಸ್ ಕಾಲಿನ ತೂತಿನ ಅಂಚಿಗೆ, ಎಳ್ಳುಕಾಳಿನಷ್ಟು ಒಂದು ಕೆಂಪು ಚುಕ್ಕೆ ಇತ್ತು.

ಉಗುರುಬಣ್ಣ.

ಅವನ ಕೈ ನಿಂತುಹೋಯಿತು. ನೆಂಟರಿಷ್ಟರಿಗೆ ಹೇಳುವ ಕಥೆಯಲ್ಲಿ ಈ ಚುಕ್ಕೆ ಇರುತ್ತಿರಲಿಲ್ಲ. ಸಿಡಿತ ಹೇಳಿ ಎಲ್ಲರೂ ನಕ್ಕ ಮೇಲೆ ಕಥೆ ಮುಗಿಯುತ್ತಿತ್ತು. ನಿಜದಲ್ಲಿ ಅವಳು ಅಷ್ಟಕ್ಕೇ ಬಿಟ್ಟಿರಲಿಲ್ಲ. ರೆಪ್ಪೆಗೆ ಮುಲಾಮು ಹಚ್ಚಿಕೊಂಡೇ ಮತ್ತೆ ಐರನ್ ಹಿಡಿದಿದ್ದಳು. ಆದರೆ ಅಂದಿನಿಂದ ಕೆಪಾಸಿಟರ್ ಕೂರಿಸುವ ಮುನ್ನ ಉಗುರುಬಣ್ಣದ ಶೀಶೆ ತೆಗೆದು, ಪ್ಲಸ್ ತೂತಿನ ಪಕ್ಕ ಒಂದು ಚುಕ್ಕೆ ಇಟ್ಟು, ಅದು ಒಣಗುವವರೆಗೆ ಊದಿ, ಆಮೇಲಷ್ಟೇ ಕಾಲು ಇಳಿಸುತ್ತಿದ್ದಳು. "ಕೆಪಾಸಿಟರಿಗೂ ದೃಷ್ಟಿಬೊಟ್ಟಾ?" ಎಂದು ಅವನು ಗೇಲಿ ಮಾಡುತ್ತಿದ್ದ. ಅವಳು ಇನ್ನೊಂದು ಸಲ ಊದುತ್ತಿದ್ದಳು. ಜಗತ್ತಿನಲ್ಲಿ ಬೇರೆ ಯಾವ ಮೆಕ್ಯಾನಿಕ್ಕೂ ಮಾಡದ ಕೆಲಸ ಅದು. ಆ ಭಯ ಅವಳೊಬ್ಬಳದು, ಕೊಟ್ಟವನು ಅವನೊಬ್ಬ.

ಹಾಗಾದರೆ ಅವಳೇ. ಬೇಕಂತಲೇ. ದೀಪವನ್ನು ತಾನೇ ನಿಧಾನ ಮಾಡಿ, ಆರಿದಾಗ ಚಿಲಕ ಹಾಕಿ, ದೀಪ ಆರಿತ್ತು ಎಂದು ಹೇಳಿದ್ದಾಳೆ.

ಧಣಿ ಅವಳನ್ನು ಹಮಾಲರೆದುರು ಕುರುಡಿ ಎಂದು ಕರೆದದ್ದು ಅವನಿಗೆ ನೆನಪಾಯಿತು. ತಾನೂ ಅಲ್ಲಿ ನಿಂತು ಹಲ್ಲು ಕಿರಿದದ್ದು ನೆನಪಾಗಲಿಲ್ಲ. ಅಬ್ಬಾ ಹೆಣ್ಣೇ ಎಂದುಕೊಂಡ. ಭಯದ ಜೊತೆಗೆ ಒಂದು ಬಗೆಯ ಹೆಮ್ಮೆಯೂ ಎದ್ದಿತು. ವಿದ್ಯೆ ತಾನು ಕಲಿಸಿದ್ದಲ್ಲವೇ? ಆದರೆ ಇಷ್ಟು ವರ್ಷ ಉಂಡ ಅನ್ನ, ಒಗೆದಿಟ್ಟ ಅಂಗಿ, ಜ್ವರ ಬಂದಾಗ ಹಣೆಯ ಮೇಲಿಟ್ಟ ಕೈ. ಒಂದು ಚುಕ್ಕೆಗಾಗಿ ಅವಳನ್ನು ನೇಣಿಗೆ ಕೊಡುವುದೇ?

ಕಿಟಕಿಯ ಕಡೆ ನೋಡಿದ. ಸೂಜಿಯ ಬೆನ್ನು ಹಾಗೇ ಇತ್ತು. "ಹಳೇ ಸಿಲಿಂಡರಿಗೆ ವಾಷರ್ ಹಾಕ್ಸು," ಎನ್ನುತ್ತಿದ್ದ.

ಮೆಕ್ಯಾನಿಕ್ ಐರನ್ನಿನ ತುದಿಯನ್ನು ಚುಕ್ಕೆಯ ಮೇಲೆ ಒತ್ತಿದ. ಬಣ್ಣ ಉಬ್ಬಿತು, ಕಪ್ಪಾಯಿತು, ತೆಳು ಹೊಗೆಯಾಗಿ ಎದ್ದಿತು. ಉಳಿದ ಮಸಿಯನ್ನು ಉಗುರಿನಿಂದ ಕೆರೆದು ಊದಿಬಿಟ್ಟ. ಆ ಜಾಗಕ್ಕೆ ಪುಟ್ಟ ಕೆಪಾಸಿಟರ್ ಇಳಿಸಿ ಸೀಸ ಹಾಕಿದ. ಕರೆಂಟು ಕೊಟ್ಟ. ದೀಪ ಮಿಣಕ್, ಮಿಣಕ್ ಎಂದಿತು. ಮೇಜಿನ ಮೇಲೆ ಈಗ ಎರಡು ದೀಪ, ಎರಡೂ ಒಂದೇ ವೇಗ.

ಸೂಜಿ ಫೋನು ಜೇಬಿಗೆ ಹಾಕಿ ಬಂದು ಕೂತ. ಮೂಗು ಅರಳಿಸಿದ.

"ಏನೋ ವಾಸನೆ."

"ಸೀಸದ್ದು ಸಾರ್. ರಾಳ ಸುಟ್ಟಿದ್ದು."

"ಆಗಲೂ ಸೀಸ ಸುಟ್ರಿ. ಈ ವಾಸನೆ ಇರಲಿಲ್ಲ." ಅವನು ಮೆಲ್ಲಗೆ ಹೇಳಿದ. "ಹೋಗ್ಲಿ. ಈಗ ಒಂದು ವಿಷಯ ಸಾಬೀತಾಯ್ತು. ದೀಪ ಆರಿತ್ತು. ನಿಮ್ಮ ಮನೆಯವರು ನಿಯಮದ ಪ್ರಕಾರವೇ ಚಿಲಕ ಹಾಕಿದಾರೆ. ಅವರನ್ನ ಬಿಡ್ತೀನಿ. ಸಂತೋಷವಾ?"

"ಬಹಳ ಸಂತೋಷ ಸಾರ್!"

"ನಿಮ್ಮನ್ನ ಕರೆಸಿ ಅಂತ ಹೇಳಿದ್ದು ಯಾರು ಗೊತ್ತಾ? ಅವರೇ. ಆ ಡಬ್ಬಿ ಬಿಚ್ಚಿಸಿ ನೋಡಿ, ಮಾಡಿದ್ದು ನಮ್ಮ ಮನೆಯವರು, ಬದಲಾಯಿಸೋಕೆ ಬರೋದೂ ಅವರಿಗೊಬ್ಬರಿಗೇ, ಅಂದ್ರು."

ಮೆಕ್ಯಾನಿಕ್ಕನ ಮುಖದ ನಗು ಅಲ್ಲೇ ನಿಂತಿತು. ತೆಗೆಯಬೇಕೋ ಇಟ್ಟುಕೊಳ್ಳಬೇಕೋ ಅದಕ್ಕೆ ಗೊತ್ತಾಗಲಿಲ್ಲ.

"ಗಾಬರಿಯಲ್ಲಿ ಏನೋ ಅಂದಿರ್ತಾಳೆ ಸಾರ್."

"ಇರಬಹುದು. ಇನ್ನೊಂದು ಹೇಳಿ. ಬಾಗಿಲು ಹಾಕೋಕೆ ಮುಂಚೆ ಒಳಗೆ ಹೋಗಿ ಫ್ಯಾನಿನ ಹತ್ತಿರ ಕಟ್ಟಿದ ಮಂಜು ಕೆರೆಯೋ ಕೆಲಸ ಯಾರದ್ದು?"

"ನಂದು ಸಾರ್."

"ದಿನಾ?"

"ದಿನಾ."

"ಧಣಿ ಕೆರೀತಿದ್ರಾ?"

"ಅವರ್ಯಾಕೆ ಕೆರೀತಾರೆ? ಅವತ್ತು ಒಂದಿನ... ನನಗೆ ಹಲ್ಲುನೋವು ತಡೆಯೋಕಾಗ್ಲಿಲ್ಲ. ಹಿಂದಿನ ಗೇಟಿಂದ ಹೋಗಿ ಕೀಳಿಸ್ಕೊಂಡು ಬರ್ತೀನಿ ಅಂದೆ. ಹೋಗು, ಮಂಜು ನಾನೇ ಕೆರೀತೀನಿ, ಅರ್ಧ ದಿನದ ಸಂಬಳ ಹಿಡೀತೀನಿ ಅಂದ್ರು."

"ಹಲ್ಲು ಕೀಳಿಸೋಕೆ ಹೋಗ್ತೀನಿ ಅಂತ ಮನೆಯವರಿಗೆ ಹೇಳಿದ್ರಾ?"

"ಅವಳಿಗ್ಯಾಕೆ ಹೇಳ್ಬೇಕು? ನಾನು ಎಲ್ಲಿ ಹೋದ್ರೂ ಅವಳಿಗೆ..."

ಎರಡು ದೀಪಗಳು ಮಿನುಗುತ್ತಲೇ ಇದ್ದವು. ಕೋಲ್ಡ್ ಸ್ಟೋರೇಜಿನ ಕತ್ತಲು, ಹಿಡಿ ಮುರಿದ ಬಾಗಿಲು, ಫ್ಯಾನಿನ ಗುಂಯ್ ಸದ್ದು. ಒಳಗೆ ನಿಂತವನು ಈಗ ಧಣಿಯಾಗಿರಲಿಲ್ಲ, ತಾನೇ ಆಗಿದ್ದ.

"ಹಲ್ಲಿಗೆ ಕೈ ಮುಗೀರಿ," ಎಂದ ಸೂಜಿ. "ಹಲ್ಲು ಹೋಯ್ತು, ಜೀವ ಉಳೀತು. ಎಂಥ ಲೆಕ್ಕ ನೋಡಿ ಅವರದ್ದು! ಗಂಡ ತಾನೇ ಮಾಡಿದ ದೀಪ ಕೈಕೊಟ್ಟು ತಾನೇ ಸತ್ತ ಅಂತ ಊರೆಲ್ಲ ಅಯ್ಯೋ ಅಂತಿತ್ತು. ನಾನೂ ಬಂದು ಎರಡು ಸಮಾಧಾನದ ಮಾತು ಹೇಳಿ ಹೋಗ್ತಿದ್ದೆ."

"ಸಾರ್." ಮೆಕ್ಯಾನಿಕ್ ಡಬ್ಬಿಯನ್ನು ಅವನತ್ತ ತಳ್ಳಿದ. "ಸಾರ್, ಅಲ್ಲೊಂದು ಕೆಂಪು ಚುಕ್ಕೆ ಇತ್ತು. ಕೆಪಾಸಿಟರಿನ ಕೆಳಗೆ. ಉಗುರುಬಣ್ಣ. ಅವಳೊಬ್ಬಳೇ ಹಾಗೆ ಇಡೋದು. ಅವಳದೇ ಕೈ ಅದು, ಸಾರ್."

"ಎಲ್ಲಿ? ತೋರಿಸಿ."

ಮೆಕ್ಯಾನಿಕ್ ಬೋರ್ಡಿನ ಕಡೆ ನೋಡಿದ. ಅಲ್ಲಿ ಪುಟ್ಟ ಕೆಪಾಸಿಟರೊಂದು ಶುಭ್ರವಾಗಿ ನಿಂತಿತ್ತು.

"ನಾನು... ಸುಟ್ಟುಬಿಟ್ಟೆ."

"ಗೊತ್ತು. ನನ್ನ ಹೆಂಡತಿಯೂ ಹಚ್ಕೋತಾಳೆ, ವಾಸನೆ ಗೊತ್ತಿದೆ." ಸೂಜಿ ನಿಟ್ಟುಸಿರು ಬಿಟ್ಟ. ಅದು ಸುಳ್ಳು ನಿಟ್ಟುಸಿರಾಗಿರಲಿಲ್ಲ. "ನಾನು ಕಾದಿದ್ದೇ ಅದಕ್ಕೆ. ಏನೋ ಒಂದು ಸಿಗುತ್ತೆ, ನಿಮ್ಮ ಕೈಯಿಂದಲೇ ಹೊರಗೆ ಬರುತ್ತೆ ಅಂತ ಅಷ್ಟು ಕಷ್ಟಪಟ್ಟು ಸಾಮಾನು ತಂದು ಕೂರಿಸಿದೆ. ಮಾಡಬಾರದ ಒಂದು ತಪ್ಪು ಮಾಡಿದೆ, ಬೆನ್ನು ತಿರುಗಿಸಿದೆ. ನೀವು ಸುಡ್ತೀರಿ ಅಂದ್ಕೊಂಡಿರಲಿಲ್ಲ. ನಿಮ್ಮಂಥವರಿಗೂ ಹೆಂಡತಿ ಮೇಲೆ ಪ್ರೀತಿ ಇರುತ್ತೆ ಅಂತ ಯಾರಿಗೆ ಗೊತ್ತಿತ್ತು?"

"ನನ್ನನ್ನ ಒಳಗೆ ಹಾಕಿ ಸಾರ್."

"ಯಾತಕ್ಕೆ?"

"ಸಾಕ್ಷಿ ಸುಟ್ಟಿದ್ದಕ್ಕೆ. ಯಾತಕ್ಕಾದ್ರೂ ಹಾಕಿ. ಒಂದು ರಾತ್ರಿ, ಎರಡು ರಾತ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಯಾವ ಸಾಕ್ಷಿ? ಇತ್ತು ಅಂತ ಹೇಳೋಕೆ ನೀವೊಬ್ಬರೇ. ನೀವೇ ಅವರ ಗಂಡ, ನೀವೇ ಡಬ್ಬಿ ಮಾಡಿದೋರು, ಬಾಯಿಗೆ ಬಂದಿದ್ದು ಹೇಳ್ತೀರಿ ಅಂತಾರೆ ವಕೀಲರು." ಅವನು ಮೇಜಿನ ಮೇಲೆ ಬಾಗಿದ. "ನೋಡಿ, ಈ ಕೇಸು ಗೆಲ್ಲೋಕೆ ಈಗ ಒಂದೇ ದಾರಿ. ಒಂದು ಸಲ ತಪ್ಪಿಸ್ಕೊಂಡ ಕೆಲಸಕ್ಕೆ ಅವರು ಇನ್ನೊಂದು ಸಲ ಕೈ ಹಾಕಬೇಕು. ಹಾಕ್ತಾರೆ. ನಿಮ್ಮ ಬೀದಿ ತುದಿಯಲ್ಲಿ ನಮ್ಮ ಜನ ಇರ್ತಾರೆ. ನೀವು ಕೂಗಿದ್ರೆ ಓಡಿ ಬರ್ತಾರೆ."

"ಕೂಗೋಕಾಗದಿದ್ರೆ?"

"ಕೇಸು ಗಟ್ಟಿಯಾಗುತ್ತೆ."

ಸೂಜಿ ಗಂಟೆ ಒತ್ತಿದ. ಹಿಂದಿನ ಬಾಗಿಲಿನಿಂದ ಒಬ್ಬ ಮಹಿಳಾ ಪೇದೆ ಅವಳನ್ನು ಕರೆದುಕೊಂಡು ಬಂದಳು.

ಅವಳು ಸಣಕಲು ಹೆಂಗಸು. ಕೂದಲು ಬಿಗಿಯಾಗಿ ಕಟ್ಟಿದ್ದಳು. ಎಡಗಣ್ಣಿನ ರೆಪ್ಪೆ ಬೋಳು. ಗಂಡನನ್ನು ನೋಡಿದಳು, ಆಮೇಲೆ ಮೇಜಿನ ಮೇಲೆ ಮಿನುಗುತ್ತಿದ್ದ ದೀಪಗಳನ್ನು. ಬಿಚ್ಚಿಟ್ಟ ದಪ್ಪ ಕೆಪಾಸಿಟರಿನ ಮೇಲೆ ಅವಳ ನೋಟ ಒಂದಿಷ್ಟು ತಡೆಯಿತು. ಬಳಿಕ ಗಂಡನ ಬಲಗೈ ಬೆರಳಿನ ಉಗುರನ್ನು ನೋಡಿದಳು. ಉಗುರಿನ ಸಂದಿಯಲ್ಲಿ ಕಪ್ಪಿತ್ತು. ಕಪ್ಪಿನ ಅಂಚಿಗೆ ಕೂದಲೆಳೆಯಷ್ಟು ಕೆಂಪು.

"ನಿಮ್ಮ ಮನೆಯವರು ನಿಮ್ಮನ್ನ ಬಿಡಿಸಿದ್ರಮ್ಮ," ಎಂದ ಸೂಜಿ. "ದೀಪ ಆರಿತ್ತು ಅಂತ ಅವರೇ ಸಾಬೀತು ಮಾಡಿದ್ರು. ಇಂಥ ಗಂಡ ಸಿಗೋಕೆ ಪುಣ್ಯ ಮಾಡಿರಬೇಕು."

"ಹೌದು ಸಾರ್," ಎಂದಳು ಅವಳು. "ನಡೀರಿ. ಮನೆಗೆ ಹೋಗೋಣ."

ಮೆಕ್ಯಾನಿಕ್ ಕುರ್ಚಿಯ ಹಿಡಿ ಬಿಡಲಿಲ್ಲ. ಪೇದೆ ಅವನ ತೋಳು ಹಿಡಿದು ಎಬ್ಬಿಸಬೇಕಾಯಿತು. ಸ್ಟೇಷನ್ನಿಗೆ ಬರುವವರನ್ನು ಒಳಗೆ ನೂಕಿ ಅಭ್ಯಾಸವಿದ್ದ ಅವಳಿಗೆ, ಹೊರಗೆ ಹೋಗಲೊಲ್ಲದವನನ್ನು ನೋಡಿ ನಗು ಬಂತು.

ಬೀದಿಯಲ್ಲಿ ಬಿಸಿಲು ಇಳಿಯುತ್ತಿತ್ತು. ಜನ ಓಡಾಡುತ್ತಿದ್ದರು. ಅವಳು ಅವನ ಪಕ್ಕದಲ್ಲೇ, ಒಂದು ಹೆಜ್ಜೆಯೂ ಹಿಂದೆ ಬೀಳದೆ ನಡೆದಳು. ಔಷಧಿ ಅಂಗಡಿ ದಾಟಿದರು, ಬೇಕರಿ ದಾಟಿದರು. ಯಾರನ್ನಾದರೂ ತಡೆದು ನಿಲ್ಲಿಸಿ ಕೇಳಬೇಕೆನ್ನಿಸಿತು ಅವನಿಗೆ. ಏನೆಂದು ಕೇಳುವುದು? ಹೆಂಡತಿಯ ಜೊತೆ ಮನೆಗೆ ಹೋಗುತ್ತಿದ್ದೇನೆ, ಕಾಪಾಡಿ ಎಂದೇ?

"ಹಲ್ಲು ಕೀಳಿಸಿದ್ದು ಬಹಳ ನೋವಾ ರೀ?" ಎಂದಳು ಅವಳು.

"ಹೂಂ."

"ನನಗೆ ಒಂದು ಮಾತು ಹೇಳಬಾರದಿತ್ತಾ?"

ಅವನು ದವಡೆಗೆ ಕೈ ಒತ್ತಿಕೊಂಡು ನಡೆದ.

"ಹೇಳಿದ್ರೆ ಧಣಿಗಳು ಬದುಕಿರ್ತಿದ್ರು," ಎಂದಳು. ಅವಳ ದನಿಯಲ್ಲಿ ನಿಜವಾದ ಮರುಕವಿತ್ತು. "ಅವರಿಗೆ ಹೆಂಡತಿ ಮಕ್ಕಳು ಇದಾರೆ. ಅವರ ಯೋಚನೆ ನನಗೆ ರಾತ್ರಿಯೆಲ್ಲ ನಿದ್ದೆ ಕೊಡಲಿಲ್ಲ."

ಬೀದಿ ತುದಿಯಲ್ಲಿ ಪೊಲೀಸರು ಯಾರೂ ಕಾಣಲಿಲ್ಲ. ಒಬ್ಬ ಮುದುಕ ನಾಯಿಯನ್ನು ಹಗ್ಗದಲ್ಲಿ ಹಿಡಿದು ನಿಂತಿದ್ದ. ಅವನು ಸೂಜಿಯ ಮನುಷ್ಯನೋ ಬರೀ ಮುದುಕನೋ ಎಂದು ಮೆಕ್ಯಾನಿಕ್ ಕಣ್ಣು ಕಿರಿದು ಮಾಡಿ ನೋಡಿದ.

ಮುದುಕನ ನಾಯಿ ಕಂಬಕ್ಕೆ ಉಚ್ಚೆ ಹೊಯ್ದಿತು. ಮುದುಕನೂ ನಾಯಿಯೂ ತಿರುವಿನಲ್ಲಿ ಮರೆಯಾದರು.

ಮನೆ ಬಂತು. ಅವಳು ಸೊಂಟದಿಂದ ಬೀಗದಕೈ ತೆಗೆದು ಬಾಗಿಲು ತೆರೆದಳು. ಒಳಗೆ ಕತ್ತಲಿತ್ತು. ಅವಳು ಒಳಗೆ ಹೋಗಿ ಚಪ್ಪಲಿ ಬಿಟ್ಟು, ದೀಪ ಹಾಕದೆ, ತಿರುಗಿ ನಿಂತಳು. ಅವನು ಹೊಸ್ತಿಲಾಚೆಯೇ ನಿಂತಿದ್ದ.

ಪಕ್ಕದ ಮನೆಯಾಕೆ ಕಿಟಕಿಯಿಂದ ಇಣುಕಿ, "ಅಂತೂ ಬಿಡಿಸ್ಕೊಂಡು ಬಂದ್ರಾ? ಒಳ್ಳೇದಾಯ್ತು ಬಿಡಿ!" ಎಂದಳು.

ಅವಳು ಪಕ್ಕದ ಮನೆಯಾಕೆಗೆ ನಕ್ಕಳು. ಆಮೇಲೆ ಗಂಡನ ಕಡೆ ತಿರುಗಿ ಕೈ ಚಾಚಿದಳು.

"ಅಲ್ಲೇ ಯಾಕೆ ನಿಂತ್ರಿ? ಒಳಗೆ ಬನ್ನಿ. ಚಿಲಕ ನಾನು ಹಾಕ್ತೀನಿ."